ಚಹಾ ವಿಧಿ: ಒಳಗೆ ಧ್ಯಾನ ಇದೆಯೋ, ಬರೀ ಕವಾಯತೋ?

ಬಿಸಿನೀರು

ಎಲ್ಲರಿಗೂ ನಮಸ್ಕಾರ. ಜಪಾನೀ ಚಹಾ ವಿಧಿಯ ತರಗತಿಗೆ ಸೇರಿ ಕೆಲವು ತಿಂಗಳಾಯ್ತು. ಸೇರುವಾಗ ತಲೆಯಲ್ಲಿದ್ದದ್ದು ಝೆನ್, ಮೌನ, ಮನಶ್ಶಾಂತಿ. ಕೈಗೆ ಸಿಕ್ಕಿದ್ದು ಫುಕುಸ ಅನ್ನೋ ಒಂದು ರೇಷ್ಮೆ ಬಟ್ಟೆ. ಅದನ್ನ ಮೂಲೆ ಹಿಡಿದು ಇಳಿಬಿಟ್ಟು, ಹೇಳಿದ ಹಾಗೇ ಮಡಿಸಿ, ಚಹಾ ಪುಡಿಯ ಡಬ್ಬಿಯ ಮುಚ್ಚಳ ಒರೆಸಬೇಕು. ಡಬ್ಬಿ ಮೊದಲೇ ಥಳಥಳ ಹೊಳೀತಿರುತ್ತೆ, ಒರೆಸೋಕೆ ಅಲ್ಲೇನೂ ಇಲ್ಲ! ಹೆಬ್ಬೆರಳು ಸ್ವಲ್ಪ ಆಚೀಚೆ ಆದರೂ ಗುರುಗಳು "ಮತ್ತೊಮ್ಮೆ" ಅಂತಾರೆ. ಯಾಕೆ ಅಂದ್ರೆ "ಮೊದಲು ಕೈಗೆ ಗೊತ್ತಾಗಲಿ" ಅಂತಾರೆ.

ಕೇಳೋದಿಷ್ಟು. ಇದರಲ್ಲಿ ಅಧ್ಯಾತ್ಮ ಅನ್ನೋದು ನಿಜವಾಗ್ಲೂ ಇದೆಯಾ? ಅಥವಾ ಶಿಸ್ತಿಗೆ, ಅಂದಕ್ಕೆ ನಾವೇ ಆ ಹೆಸರು ಕೊಟ್ಟಿದ್ದೀವಾ? ಮಾಡಿ ನೋಡಿದವರು, ಓದಿಕೊಂಡವರು ಹೇಳಿ. ಬೈದರೂ ಪರವಾಗಿಲ್ಲ.

ಕಲ್ಲುಹಾದಿ

ಬೈಯೋ ಪ್ರಶ್ನೆ ಅಲ್ಲಪ್ಪ ಇದು. ಡಬ್ಬಿಯನ್ನ ಒಳಗಿನ ತಯಾರಿ ಕೋಣೆಯಲ್ಲಿ, ಅಂದ್ರೆ ಮಿಜುಯಾದಲ್ಲಿ, ಆಗಲೇ ಶುದ್ಧ ಮಾಡಿರ್ತಾರೆ. ಅತಿಥಿಯ ಕಣ್ಣೆದುರು ಮತ್ತೆ ಒರೆಸೋದು ಧೂಳಿಗಾಗಿ ಅಲ್ಲ. ಒರೆಸುವಾಗ ಆತಿಥೇಯನ ಉಸಿರು, ಗಮನ ಒಂದು ಕಡೆ ನಿಲ್ಲುತ್ತೆ, ನೋಡ್ತಾ ಕೂತವರದ್ದೂ ನಿಲ್ಲುತ್ತೆ. ಮಾತಿಲ್ಲದೆ ಕೋಣೆಯಲ್ಲಿರೋರೆಲ್ಲ ಒಂದೇ ಲಯಕ್ಕೆ ಬರ್ತಾರೆ.

ನೀವಿನ್ನೂ ಪೂರ್ಣ ಚಹಾಕೂಟ ನೋಡಿಲ್ಲ ಅನ್ಸುತ್ತೆ. ಊಟ, ಎರಡು ಬಗೆಯ ಚಹಾ ಎಲ್ಲ ಸೇರಿ ಸುಮಾರು ನಾಲ್ಕು ಗಂಟೆ ಹಿಡಿಯುತ್ತೆ. ಅದು ಶುರುವಾಗೋದು ಚಹಾದಿಂದಲ್ಲ, ನಡಿಗೆಯಿಂದ. ನೀರು ಚಿಮುಕಿಸಿದ ತೋಟದ ಕಲ್ಲುದಾರಿ, ಆಮೇಲೆ ತಗ್ಗಿನಲ್ಲಿಟ್ಟ ಕಲ್ಲಿನ ನೀರುಬಾನಿ. ಎಂಥ ದೊಡ್ಡ ಮನುಷ್ಯನೇ ಆಗಲಿ, ಕುಕ್ಕರಗಾಲಲ್ಲಿ ಕೂತು ಕೈ ಬಾಯಿ ತೊಳೀಬೇಕು. ನಂತರ ಬರೋದು ನಿಜಿರಿಗುಚಿ, ಎತ್ತರ ಸುಮಾರು 66 ಸೆಂಟಿಮೀಟರ್ ಇರೋ ಬಾಗಿಲು. ತೆವಳಿಕೊಂಡೇ ಒಳಗೆ ಹೋಗಬೇಕು. ಸಮುರಾಯ್‌ಗಳು ಕತ್ತಿಯನ್ನ ಹೊರಗಿನ ಅಟ್ಟಣಿಗೆಯಲ್ಲಿ ಇಟ್ಟೇ ಬರ್ತಿದ್ದರು, ಸೊಂಟದಲ್ಲಿ ಕತ್ತಿ ಇದ್ದರೆ ಆ ಕಿಂಡಿಯಲ್ಲಿ ತೂರೋಕೆ ಆಗಲ್ಲ.

ಒಳಗೆ ಅರೆಗತ್ತಲು. ಮೊದಲ ನಮಸ್ಕಾರ ಗೋಡೆಯಲ್ಲಿ ತೂಗುಬಿಟ್ಟ ಬರಹಕ್ಕೆ. ಅದು ಬಹಳ ಸಲ ಯಾವುದೋ ಝೆನ್ ಭಿಕ್ಷುವಿನ ಕೈಬರಹ ಆಗಿರುತ್ತೆ. ಆಮೇಲೆ ಕೇಳಿಸೋದು ನೀರು ಕಾಯುವ ಸದ್ದು. ಕಬ್ಬಿಣದ ಕೆಟಲ್‌ನ ತಳಕ್ಕೆ ಒಳಗಿನಿಂದ ಸಣ್ಣ ಕಬ್ಬಿಣದ ಚೂರುಗಳನ್ನ ಅಂಟಿಸಿರ್ತಾರೆ, ಸದ್ದು ಬರಲಿ ಅಂತಾನೇ. ಅದಕ್ಕೆ ಪೈನ್ ಮರಗಳ ಗಾಳಿ ಅಂತ ಹೆಸರು. ಒಂದು ಸೌಟು ತಣ್ಣೀರು ಬಿದ್ದ ತಕ್ಷಣ ಅದು ಗಪ್ಪನೆ ನಿಲ್ಲುತ್ತೆ. ಆ ನಿಂತ ಕ್ಷಣದಲ್ಲಿ ಏನಾಗುತ್ತೆ ಅಂತ ಬರೆದು ಹೇಳೋಕೆ ನನ್ನಿಂದಾಗಲ್ಲ. ಮುಂದಿನ ಸಲ ಬಟ್ಟೆ ಬಿಟ್ಟು ಅದನ್ನ ಕೇಳಿಸಿಕೊಳ್ಳಿ.

ಇದರ ಹಿಂದಿರೋದು ನಾಲ್ಕು ಮಾತು: ವಾ, ಕೇಯ್, ಸೇಯ್, ಜಾಕು. ಸಾಮರಸ್ಯ, ಗೌರವ, ಶುದ್ಧಿ, ಪ್ರಶಾಂತಿ. ಹದಿನಾರನೇ ಶತಮಾನದ ಚಹಾ ಗುರು ಸೆನ್ ನೋ ರಿಕ್ಯೂ ಕೊಟ್ಟಿದ್ದು ಅಂತ ನಮ್ಮ ಪರಂಪರೆ ಹೇಳುತ್ತೆ.

ಹಳೇಕಡತ

ಮೇಡಂ, ವರ್ಣನೆ ಚೆನ್ನಾಗಿದೆ, ಆದರೆ ಕೊನೆಯ ಸಾಲಿಗೆ ತಕರಾರಿದೆ. ಆ ನಾಲ್ಕು ಮಾತನ್ನು ರಿಕ್ಯೂ (1522–1591) ಹೆಸರಿಗೆ ಜೋಡಿಸಿದ್ದು ಅವನ ಕಾಲಾನಂತರದ ಬರಹಗಳು. ಅದಕ್ಕಿಂತ ದೊಡ್ಡ ವಿಷಯ 'ನಾನ್ಪೋರೋಕು' ಎಂಬ ಗ್ರಂಥದ್ದು. ಚಹಾ ಎಂದರೆ ಮೊದಲಿಗೆ ಬೌದ್ಧ ಸಾಧನೆ ಎಂಬ ಮಾತಿಗೆ ಬಹಳ ಮಂದಿ ಎತ್ತಿ ತೋರಿಸುವ ಪುಸ್ತಕ ಅದು. ರಿಕ್ಯೂನ ಶಿಷ್ಯನೊಬ್ಬ ಬರೆದಿಟ್ಟದ್ದು ಎಂದು ಹೇಳಿ ಅದನ್ನು ಹೊರತಂದವನು ತಾಚಿಬಾನಾ ಜಿತ್ಸುಜಾನ್ ಎಂಬ ಸಮುರಾಯ್, ರಿಕ್ಯೂ ಸತ್ತು ಹೆಚ್ಚುಕಡಿಮೆ ನೂರು ವರ್ಷವಾದ ಮೇಲೆ. ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ರಿಕ್ಯೂ ಕಾಲದ ಕೃತಿ ಎಂದು ಒಪ್ಪುವುದಿಲ್ಲ.

ಹಾಗಾದರೆ ರಿಕ್ಯೂ ಕಾಲದಲ್ಲಿ ಚಹಾಕೋಣೆಯಲ್ಲಿ ಏನಿತ್ತು? ಅಧಿಕಾರ ಇತ್ತು. ಆಗಿನ ಸೇನಾದೊರೆ ಓದಾ ನೊಬುನಾಗಾ ಹೆಸರುವಾಸಿ ಚಹಾ ಪಾತ್ರೆಗಳನ್ನು ಊರೂರಿಂದ ತರಿಸಿಕೊಂಡು ತನ್ನ ಸರದಾರರಿಗೆ ಬಹುಮಾನವಾಗಿ ಹಂಚುತ್ತಿದ್ದ. ಅವನ ನಂತರ ಬಂದ ತೊಯೊತೊಮಿ ಹಿದೆಯೊಶಿ ಬಿಚ್ಚಿ ಸಾಗಿಸಬಹುದಾದ ಚಿನ್ನದ ಚಹಾಕೋಣೆ ಮಾಡಿಸಿ 1586ರಲ್ಲಿ ಚಕ್ರವರ್ತಿಯ ಅರಮನೆಗೇ ಒಯ್ದ. 1587ರಲ್ಲಿ ಕ್ಯೋಟೋದ ಕಿತಾನೋದಲ್ಲಿ ಮಹಾ ಚಹಾಕೂಟ: ರೈತನಾದರೂ ಸರಿ, ಒಂದು ಕೆಟಲ್, ಒಂದು ಬಟ್ಟಲು ಹಿಡಿದು ಬನ್ನಿ ಎಂದು ಡಂಗುರ. ಕೇಳಲು ಎಷ್ಟು ಚಂದ! ಅದೇ ಪ್ರಕಟಣೆಯಲ್ಲಿ, ಬಾರದವರು ಇನ್ನು ಮುಂದೆ ಚಹಾ ಮಾಡುವಂತಿಲ್ಲ ಎಂಬ ಬೆದರಿಕೆಯೂ ಇತ್ತು. ಹತ್ತು ದಿನ ಎಂದು ಸಾರಿದ ಕೂಟ ಒಂದೇ ದಿನಕ್ಕೆ ಮುಗಿಯಿತು.

ಈ ಹಿದೆಯೊಶಿಗೆ ಚಹಾ ಗುರುವಾಗಿದ್ದವನೇ ರಿಕ್ಯೂ. ಅತ್ತ ಚಿನ್ನದ ಕೋಣೆ, ಇತ್ತ ಯಾಮಾಜಾಕಿಯಲ್ಲಿ ಅವನದೇ ಎನ್ನಲಾಗುವ, ಎರಡೇ ಚಾಪೆ ಅಗಲದ ಮಣ್ಣುಗೋಡೆಯ ಚಹಾಕೋಣೆ ತಾಯ್‌ಆನ್. 1591ರಲ್ಲಿ ಅದೇ ಹಿದೆಯೊಶಿಯ ಅಪ್ಪಣೆಯಂತೆ ರಿಕ್ಯೂ ಹೊಟ್ಟೆ ಸೀಳಿಕೊಂಡು ಸತ್ತ. ಹೊರಿಸಿದ ಆಪಾದನೆಗಳಲ್ಲಿ ಒಂದು, ದೈತೊಕುಜಿ ಮಠದ ಹೆಬ್ಬಾಗಿಲ ಮೇಲೆ ಅವನ ಮೂರ್ತಿ ಇಟ್ಟದ್ದು. ದೊರೆ ಆ ಪಾದಗಳ ಕೆಳಗೆ ಹಾದುಹೋಗಬೇಕಾಯಿತಲ್ಲ! ನಿಜವಾದ ಕಾರಣದ ಬಗ್ಗೆ ಇತಿಹಾಸಕಾರರ ವಾದ ಇನ್ನೂ ಮುಗಿದಿಲ್ಲ.

ಕತ್ತಿ ಹೊರಗಿಟ್ಟು ಬರುತ್ತಿದ್ದರು, ನಿಜ. ಕತ್ತಿಯ ಕೆಲಸವನ್ನು ಒಳಗೆ ಬಟ್ಟಲು ಮಾಡುತ್ತಿತ್ತು.

ಸುಮ್ನೆ_ಓದುಗ

ಬಿಸಿನೀರು ಅವರೇ, ನಿಮ್ಮ ಗುರುಗಳು "ಮತ್ತೊಮ್ಮೆ" ಅಂದಿದ್ದಕ್ಕೇ ಬೇಜಾರಾದ್ರಾ? ರಿಕ್ಯೂಗೆ ಏನಂದ್ರು ನೋಡಿ 😄

ಎಲೆಪುಡಿ

ಎಲ್ಲರೂ ರಿಕ್ಯೂ ಸುತ್ತಲೇ ತಿರುಗ್ತಿದ್ದೀರಿ. ಅವನಿಗಿಂತ ನಾಲ್ಕುನೂರು ವರ್ಷ ಹಿಂದೆ ಹೋಗಿ. ಚಹಾ ವಿಧಿ ಹುಟ್ಟಿದ್ದು ದರಬಾರಿನಲ್ಲೂ ಅಲ್ಲ, ಜಪಾನಿನಲ್ಲೂ ಅಲ್ಲ. ಚೀನಾದ ಚಾನ್ (ಝೆನ್‌ನ ಚೀನೀ ಮೂಲರೂಪ) ಮಠಗಳಲ್ಲಿ ಚಹಾ ಇದ್ದದ್ದು ಸರಳ ಕಾರಣಕ್ಕೆ: ರಾತ್ರಿ ಧ್ಯಾನಕ್ಕೆ ಕೂತಾಗ ನಿದ್ದೆ ಬರಬಾರದು, ಮಧ್ಯಾಹ್ನದ ಮೇಲೆ ಊಟ ಇಲ್ಲ. ಚಾನ್ ಪಂಥದ ಮೂಲಗುರು ಬೋಧಿಧರ್ಮ ನಿದ್ದೆ ಬಂತೆಂದು ಸಿಟ್ಟಿಗೆದ್ದು ಕಣ್ಣೆವೆ ಕಿತ್ತೆಸೆದ, ಅದು ಬಿದ್ದ ಕಡೆ ಚಹಾ ಗಿಡ ಹುಟ್ಟಿತು ಅನ್ನೋ ಕಥೆ ಕೇಳಿರ್ತೀರಿ. ಅವನಿಗಿಂತ ಬಹಳ ಮೊದಲೇ ಚೀನಾದಲ್ಲಿ ಚಹಾ ಇತ್ತು, ಆದರೆ ಕಥೆ ಹೇಳೋ ವಿಷಯ ಸರಿಯಾಗೇ ಇದೆ: ಎಚ್ಚರ.

1103ರ ಹೊತ್ತಿಗೆ ಚಾನ್ ಮಠಗಳ ನಿಯಮಾವಳಿಯಲ್ಲಿ ಚಹಾಕೂಟಕ್ಕೇ ವಿವರವಾದ ಕಟ್ಟಳೆಗಳಿದ್ದವು. ಆಹ್ವಾನ ಹೇಗೆ ಕೊಡಬೇಕು, ಯಾರು ಎಲ್ಲಿ ಕೂರಬೇಕು, ಧೂಪ ಯಾವಾಗ ಹಚ್ಚಬೇಕು, ಎಲ್ಲ. ಬಟ್ಟಲಿಗೆ ಊದಬಾರದು, ಸುರ್ ಅಂತ ಸದ್ದು ಮಾಡಬಾರದು. ಜಪಾನಿನಲ್ಲಿ ಕೊನೆಯ ಗುಟುಕನ್ನ ಸುರ್ ಅಂತ ಎಳೆದು ಮುಗಿಸಿದರೇ ಮರ್ಯಾದೆ, ಅದು ಬೇರೆ ಮಾತು!

ಐಸಾಯ್ ಅನ್ನೋ ಭಿಕ್ಷು 1191ರಲ್ಲಿ ಚೀನಾದಿಂದ ವಾಪಸಾದಾಗ ಚಹಾ ಬೀಜ ತಂದ ಅನ್ನೋದು ಪ್ರತೀತಿ. 1211ರಲ್ಲಿ ಚಹಾದ ಆರೋಗ್ಯಗುಣಗಳ ಬಗ್ಗೆ ಪುಸ್ತಕ ಬರೆದ, 1214ರಲ್ಲಿ ಅದನ್ನ ಶೋಗನ್, ಅಂದ್ರೆ ಸೇನಾಡಳಿತದ ಮುಖ್ಯಸ್ಥ, ಸಾನೆತೊಮೊಗೆ ಕೊಟ್ಟ. ಶೋಗನ್ ಹಿಂದಿನ ರಾತ್ರಿ ಕುಡಿದಿದ್ದು ಇಳಿಯದೆ ಒದ್ದಾಡ್ತಿದ್ದ, ಐಸಾಯ್ ಒಂದು ಬಟ್ಟಲು ಚಹಾ ಜೊತೆಗೆ ಪುಸ್ತಕವನ್ನೂ ಇಟ್ಟ. ಝೆನ್ ಚಹಾದ ಇತಿಹಾಸದಲ್ಲಿ ನನಗೆ ಬಲು ಇಷ್ಟವಾದ ಪ್ರಸಂಗ ಇದು, ಇದರಲ್ಲಿ ಝೆನ್ ಒಂದು ಚೂರೂ ಇಲ್ಲ.

ಪುಡಿ ಕಲಕಿ ಕುಡಿಯೋ ಪದ್ಧತಿ ಸಾಂಗ್ ಕಾಲದ ಚೀನಾದ್ದು. ಮಿಂಗ್ ವಂಶದ ಮೊದಲ ಚಕ್ರವರ್ತಿ 1391ರಲ್ಲಿ ಅಚ್ಚುಚಹಾದ ಕಪ್ಪಕಾಣಿಕೆ ನಿಲ್ಲಿಸಿ ಬಿಡಿ ಎಲೆಯೇ ಸಾಕು ಅಂದ. ಚೀನಾ ನಿಧಾನವಾಗಿ ಎಲೆ ನೆನೆಸೋ ಕಡೆ ಹೊರಳಿತು, ಜಪಾನ್ ಹಳೇ ಪದ್ಧತಿಯನ್ನೇ ಹಿಡಿದುಕೊಳ್ತು.

ಬಿಸಿನೀರು

ಹಾಗಾದ್ರೆ ಮಠದಲ್ಲೂ ಅದು ನಿದ್ದೆಗೆಡಿಸೋ ಪೇಯ ಅಷ್ಟೇನಾ?

ಎಲೆಪುಡಿ

ಅಷ್ಟೇ ಅಲ್ಲ. ಟಾಂಗ್ ಕಾಲದ ಗುರು ಝಾವೋಝೌ ಕಥೆ ಇದೆ. ಹೊಸದಾಗಿ ಬಂದ ಭಿಕ್ಷುವನ್ನ "ಹಿಂದೆ ಇಲ್ಲಿಗೆ ಬಂದಿದ್ದೆಯಾ?" ಅಂತ ಕೇಳಿದ. ಬಂದಿದ್ದೆ ಅಂದ. "ಹೋಗಿ ಚಹಾ ಕುಡಿ." ಇನ್ನೊಬ್ಬನನ್ನ ಕೇಳಿದ, ಬಂದಿಲ್ಲ ಅಂದ. "ಹೋಗಿ ಚಹಾ ಕುಡಿ." ಮಠದ ಮೇಲ್ವಿಚಾರಕನಿಗೆ ತಲೆಕೆಟ್ಟು, ಬಂದವನಿಗೂ ಅದೇ, ಬಾರದವನಿಗೂ ಅದೇ, ಇದೇನು ಅಂದ. ಗುರು ಅವನ ಹೆಸರು ಹಿಡಿದು ಕರೆದ, ಇವನು ಓಗೊಟ್ಟ. "ನೀನೂ ಹೋಗಿ ಚಹಾ ಕುಡಿ." ಇದಕ್ಕೆ ವ್ಯಾಖ್ಯಾನ ಬರೆದರೆ ನನಗೂ ಅದೇ ಉತ್ತರ ಸಿಗುತ್ತೆ, ಅದಕ್ಕೇ ಬರೆಯಲ್ಲ.

ಅರ್ಧಲೋಟ

ರಸಾಯನಶಾಸ್ತ್ರ ಓದಿದವನು, ಒಂದು ಮಾತು. ಮಾಚಾಗೆ, ಅಂದ್ರೆ ಈ ವಿಧಿಯ ಹಸಿರು ಚಹಾ ಪುಡಿಗೆ, ಬಳಸೋ ಎಲೆಯನ್ನ ಕೊಯ್ಲಿಗೆ ಮೊದಲು ಕೆಲವು ವಾರ ನೆರಳಲ್ಲಿ ಬೆಳೆಸ್ತಾರೆ. ಬಿಸಿಲಲ್ಲಿ ಥಿಯನೈನ್ ಅನ್ನೋ ಅಮೈನೋ ಆಮ್ಲ ಕ್ಯಾಟೆಕಿನ್ ಆಗಿ ಕಹಿ ಕೊಡುತ್ತೆ, ನೆರಳಲ್ಲಿ ಅದು ಎಲೆಯಲ್ಲೇ ಉಳಿಯುತ್ತೆ. 1949ರಲ್ಲಿ ಜಪಾನಿನಲ್ಲೇ ಇದನ್ನ ಚಹಾದಿಂದ ಬೇರ್ಪಡಿಸಿದ್ದು. ಕೆಫೀನ್ ಜೊತೆ ಥಿಯನೈನ್ ಸೇರಿದಾಗ ಎಚ್ಚರ ಇರುತ್ತೆ, ಚಡಪಡಿಕೆ ಕಡಿಮೆ ಅಂತಾರೆ. ಹಾಗಂತ ನಾಲ್ಕು ಗಂಟೆಯ ಮೌನದ ಪುಣ್ಯವನ್ನೆಲ್ಲ ಒಂದು ಅಣುವಿನ ತಲೆಗೆ ಕಟ್ಟೋದು ನನಗೆ ಒಪ್ಪಿಗೆ ಇಲ್ಲ. ಯಾರೋ ನಿಮಗಾಗಿ ಅಷ್ಟು ಹೊತ್ತು ಫೋನ್ ಮುಟ್ಟದೆ ಕೂತರೆ ಬಿಸಿನೀರು ಕುಡಿದರೂ ನೆಮ್ಮದಿ ಆಗುತ್ತೆ. (ಹೆಸರಿನ ಮೇಲೆ ತಮಾಷೆ ಅಲ್ಲ ಬಿಸಿನೀರು ಅವರೇ.)

ಕೆಂಡಸಂಪಿಗೆ

ಅಧ್ಯಾತ್ಮದ ಬಗ್ಗೆ ಮಾತಾಡುವಾಗ ದುಡ್ಡಿನ ಬಗ್ಗೆ ಯಾರೂ ಬಾಯಿ ಬಿಡಲ್ಲ ಯಾಕೆ? ನಾನು ಕಲೀತಿದ್ದೆ, ಬಿಟ್ಟೆ. ಪ್ರತಿ ಹಂತಕ್ಕೂ ಒಂದು ಅನುಮತಿ ಪತ್ರ, ಪ್ರತಿ ಪತ್ರಕ್ಕೂ ಶುಲ್ಕ. ಪತ್ರ ಬರೋದು ಮನೆತನದ ಯಜಮಾನರಿಂದ, ಅಂದ್ರೆ ಇಯೆಮೊತೊ ಇಂದ. ರಿಕ್ಯೂ ವಂಶದಿಂದ ಬಂದ ಮೂರು ಮನೆತನ, ಓಮೊತೆಸೆನ್ಕೆ, ಉರಾಸೆನ್ಕೆ, ಮುಶಾಕೋಜಿಸೆನ್ಕೆ. ಒಂದರಲ್ಲಿ ಬಲಗಾಲು ಮೊದಲಿಟ್ಟು ಒಳಗೆ ಬಂದರೆ ಇನ್ನೊಂದರಲ್ಲಿ ಎಡಗಾಲು. ಒಂದರಲ್ಲಿ ನೊರೆ ತುಂಬ ಬರಬೇಕು, ಇನ್ನೊಂದರಲ್ಲಿ ನೊರೆಯ ನಡುವೆ ಹಸಿರು ಕಾಣಬೇಕು. ನಾನು ಹೋಗ್ತಿದ್ದ ಕಡೆ ಯಾರ ಕಿಮೋನೋ ಎಷ್ಟಕ್ಕೆ ಅನ್ನೋದೇ ಮುಖ್ಯ ಧ್ಯಾನ ಆಗಿತ್ತು. ವಿನಯ ಕಲಿಸೋ ಜಾಗದಲ್ಲಿ ಅಷ್ಟು ಜಂಬ ನಾನು ಬೇರೆಲ್ಲೂ ನೋಡಿಲ್ಲ.

ಹಳೇಕಡತ

ಕೆಂಡಸಂಪಿಗೆಯವರ ಈ ದೂರು ಮುನ್ನೂರು ವರ್ಷ ಹಳೆಯದು. ಬೈಸಾವೊ (1675–1763) ಎಂಬ ಓಬಾಕು ಝೆನ್ ಪಂಥದ ಭಿಕ್ಷು ಇದೇ ಮಾತಾಡಿದ್ದ. ಮಠ ಬಿಟ್ಟು ಬಂದು, ಅರವತ್ತರ ಆಸುಪಾಸಿನಲ್ಲಿ ಕ್ಯೋಟೋದ ಬೀದಿಬದಿ, ನದಿದಂಡೆ, ಹೂಬಿಟ್ಟ ಮರಗಳ ಕೆಳಗೆ ಎಲೆಚಹಾ ಕುದಿಸಿ ಮಾರುತ್ತ ಕೂತ. ಕಾಸು ಹಾಕಲು ಒಂದು ಬಿದಿರಿನ ಕೊಳವೆ. ಎಷ್ಟಾದರೂ ಕೊಡಿ, ಬಿಟ್ಟಿಯೂ ಕುಡಿಯಿರಿ, ಬಿಟ್ಟಿಗಿಂತ ಕಡಿಮೆಗೆ ಮಾತ್ರ ಕೊಡಲಾಗದು ಎಂಬ ಧಾಟಿಯ ಬರಹ ಅದರ ಜೊತೆಗೆ. ಮಾತು ಬೇಕಾದವರಿಗೆ ಮಾತು, ಬೇಡದವರಿಗೆ ಬರೀ ಚಹಾ.

ವಯಸ್ಸಾದಾಗ, 1755ರಲ್ಲಿ, ತನ್ನ ಚಹಾ ಸಾಮಾನನ್ನು ಬೆಂಕಿಗೆ ಹಾಕಿದ. ತಾನು ಹೋದ ಮೇಲೆ ಅವು ಲೌಕಿಕರ ಕೈಗೆ ಬಿದ್ದು ಅವಮಾನವಾಗಬಾರದೆಂದು, ಪಾತ್ರೆಗಳನ್ನೇ ಉದ್ದೇಶಿಸಿ ಬೀಳ್ಕೊಡುಗೆಯ ಮಾತು ಬರೆದು ಸುಟ್ಟ. ಮುಂದೆ ಅವನ ಸಾಮಾನಿನ ಚಿತ್ರ ಬರೆದಿಟ್ಟರು, ಚಿತ್ರ ನೋಡಿ ನಕಲು ಮಾಡಿಸಿದರು, ಎಲೆಚಹಾಕ್ಕೂ ವಿಧಿ ಬಂತು, ಪಂಥ ಬಂತು. ಬೂದಿಯನ್ನೂ ಬಿಡಲಿಲ್ಲ ನಮ್ಮ ಜನ.

ಕಲ್ಲುಹಾದಿ

ಕೆಂಡಸಂಪಿಗೆ, ನೀವು ಹೇಳಿದ ಜಂಬ ನಾನೂ ಕಂಡಿದ್ದೀನಿ, ಸುಳ್ಳು ಅನ್ನಲ್ಲ. ಹಳೇಕಡತ ಸರ್ ಹೇಳಿದ ಕತ್ತಿ, ಬಟ್ಟಲಿನ ಮಾತೂ ಒಪ್ಪಿದೆ. ಆದರೆ ಅತಿಥಿಗಳಿಗೆ ಕಾಣದ ಒಂದು ಭಾಗ ಇದೆ.

"ಇಚಿಗೊ ಇಚಿಯೆ" ಅನ್ನೋದು ಈಗ ಮಗ್, ಟೀಶರ್ಟ್ ಮೇಲೆಲ್ಲ ಬಂದಿದೆ. ಈ ಭೇಟಿ ಬದುಕಿನಲ್ಲಿ ಒಂದೇ ಸಲ ಅಂತ. ಆ ನುಡಿಯನ್ನ ಈ ರೂಪದಲ್ಲಿ ನೆಲೆಗೊಳಿಸಿದ್ದು ಇಯಿ ನಾವೊಸುಕೆ ಅನ್ನೋನು, ತನ್ನ ಚಹಾ ಗ್ರಂಥದಲ್ಲಿ, 1858ರ ಹೊತ್ತಿಗೆ. ಅಂದವಾಗಿ ಮುದ್ರಿಸಿದ ಮಗ್‌ಗಳು ಹೇಳದ ಸಂಗತಿ ಅಂದ್ರೆ, ಅವನು ಶೋಗನ್ ಸರ್ಕಾರದ ಮುಖ್ಯಮಂತ್ರಿ. ಅದೇ ವರ್ಷದಿಂದ ವಿರೋಧಿಗಳನ್ನ ಜೈಲಿಗಟ್ಟಿದ, ಕೆಲವರ ತಲೆ ತೆಗೆಸಿದ. 1860ರಲ್ಲಿ ಎದೊ (ಇಂದಿನ ಟೋಕಿಯೊ) ಕೋಟೆಯ ಸಾಕುರಾದಾ ಬಾಗಿಲ ಹೊರಗೆ, ಹಿಮ ಬೀಳುವಾಗ, ಅವನ ತಲೆಯೂ ಹೋಯ್ತು.

ಅಂಥವನು ಬರೆದ ಒಂದು ಭಾಗವನ್ನ ನಾನು ಪಾಲಿಸ್ತೀನಿ. ಕೂಟ ಮುಗಿದು ಅತಿಥಿಗಳು ಹೊರಟ ಮೇಲೆ ಆತಿಥೇಯ ಬಾಗಿಲು ದಡಬಡ ಹಾಕಬಾರದು, ಪಾತ್ರೆ ಎತ್ತೋಕೆ ಓಡಬಾರದು. ಅವರು ಕಣ್ಮರೆಯಾಗೋವರೆಗೂ ನೋಡ್ತಾ ನಿಂತು, ಮೆಲ್ಲಗೆ ಕೋಣೆಗೆ ವಾಪಸ್ ಬಂದು, ಒಲೆ ಮುಂದೆ ಒಬ್ಬನೇ ಕೂರಬೇಕು. ಈಗ ಎಷ್ಟು ದೂರ ಹೋಗಿರಬಹುದು, ಈ ದಿನ ಮತ್ತೆ ಬರಲ್ಲ ಅಂತ ನೆನೆಯಬೇಕು. ಬೇಕಾದರೆ ತನಗೊಂದು ಚಹಾ ಮಾಡಿಕೊಳ್ಳಬಹುದು. ಅಲ್ಲಿ ಪ್ರಮಾಣಪತ್ರ ಕೇಳೋರಿಲ್ಲ, ಕಿಮೋನೋ ನೋಡೋರಿಲ್ಲ, ಕೈ ಸರಿ ಹೋಯ್ತಾ ಅಂತ ತಿದ್ದೋರಿಲ್ಲ. ಬಿಸಿನೀರು, ನೀವು ಕೇಳಿದ್ದು ಇದೆಯಾ ಇಲ್ವಾ ಅಂತ ಅಲ್ವಾ? ನನ್ನ ಮಟ್ಟಿಗೆ ಇದೆ, ಈ ಹೊತ್ತಲ್ಲಿದೆ. ಹಿಂದಿನ ನಾಲ್ಕು ಗಂಟೆ ಚೆನ್ನಾಗಿ ಆಗದಿದ್ದರೆ ಇದೂ ಬರಲ್ಲ, ಅದಕ್ಕೇ ಬಟ್ಟೆ ಮಡಿಸೋದು.

ಹಳೇಕಡತ

ಇದಕ್ಕೆ ನನ್ನ ಬಳಿ ಕಡತ ಇಲ್ಲ ಮೇಡಂ.

ಗಂಟೆನಾದ

ನಾನು ಟಿಬೆಟಿಯನ್ ಬೌದ್ಧ ಮಠಗಳಲ್ಲಿ ಓಡಾಡಿದವನು. ಅಲ್ಲಿನ ಚಹಾ ನೋಡಿದರೆ ನಿಮ್ಮ ಈ ಚರ್ಚೆಯೇ ವಿಚಿತ್ರ ಅನ್ಸುತ್ತೆ. ಇಟ್ಟಿಗೆಯಂತೆ ಅಚ್ಚು ಹಾಕಿದ ಚಹಾ ಕುದಿಸಿ, ಉಪ್ಪು, ಬೆಣ್ಣೆ ಹಾಕಿ, ಉದ್ದನೆ ಮರದ ಕೊಳವೆಯಲ್ಲಿ ಕಡೆದದ್ದು. ಬೆಳಗಿನ ಪ್ರಾರ್ಥನೆಯ ನಡುವೆಯೇ ಎಳೆಯ ಭಿಕ್ಷುಗಳು ದೊಡ್ಡ ಕೆಟಲ್ ಹಿಡಿದು ಸಾಲುಗಳ ಮಧ್ಯೆ ಓಡ್ತಾ ಬರ್ತಾರೆ. ಪ್ರತಿಯೊಬ್ಬನ ಮಡಿಲ ಬಳಿ ಅವನದೇ ಬಟ್ಟಲು. ಸುರಿದ ತಕ್ಷಣ ಕುಡಿಯೋ ಹಾಗಿಲ್ಲ. ಬುದ್ಧ, ಧರ್ಮ, ಸಂಘಕ್ಕೆ ಅರ್ಪಿಸೋ ಶ್ಲೋಕ ಎಲ್ಲರೂ ಹೇಳಿದ ಮೇಲೇ ತುಟಿಗೆ.

ಇಡೀ ಸಭೆಗೆ ಚಹಾ ಕೊಡಿಸೋದಕ್ಕೆ ಮಾಂಗ್‌ಜಾ ಅಂತಾರೆ. ಯಾರದೋ ಮನೆಯಲ್ಲಿ ಸಾವಾಗಿರುತ್ತೆ, ಯಾರಿಗೋ ಕಾಯಿಲೆ, ಅವರು ದಾನವಾಗಿ ಕೊಡಿಸ್ತಾರೆ. ಕುಡಿಯೋರು ಅವರಿಗಾಗಿ ಪ್ರಾರ್ಥಿಸ್ತಾರೆ. ಬಟ್ಟಲು ಯಾವ ಕಾಲದ್ದು, ಯಾವ ಕೈ ಮೊದಲು, ಅದೆಲ್ಲ ಅಲ್ಲಿ ಲೆಕ್ಕಕ್ಕೇ ಇಲ್ಲ. ಚಳೀಲಿ ಕೂತವನ ಹೊಟ್ಟೆಗೆ ಬಿಸಿ ಬೀಳಬೇಕು, ಕೊಟ್ಟವನಿಗೆ ಪುಣ್ಯ ಸೇರಬೇಕು.

ಸುಮ್ನೆ_ಓದುಗ

ನನ್ನದೊಂದು ಪಕ್ಕಾ ಗಾಸಿಪ್ ಪ್ರಶ್ನೆ. ಜಪಾನಿನ ದಪ್ಪ ಚಹಾ, ಕೋಯಿಚಾ, ಎಲ್ಲರೂ ಒಂದೇ ಬಟ್ಟಲಲ್ಲಿ ಕುಡಿದು, ಅಂಚು ಒರೆಸಿ ಪಕ್ಕದವರಿಗೆ ಕೊಡ್ತಾರಲ್ಲ, ಅದು ಕ್ಯಾಥೋಲಿಕ್ ಪೂಜೆಯಿಂದ ಕದ್ದಿದ್ದು ಅಂತ ಒಂದು ವಿಡಿಯೋ ಹೇಳ್ತು. ನಿಜಾನಾ?

ಹಳೇಕಡತ

ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ, ದಾಖಲೆ ಇಲ್ಲ. ರಿಕ್ಯೂ ಕಾಲದಲ್ಲಿ ಜೆಸ್ಯೂಟ್ ಪಾದ್ರಿಗಳು ಜಪಾನಿನಲ್ಲಿದ್ದರು, ತಮ್ಮ ಮನೆಗಳಲ್ಲಿ ಚಹಾಕೋಣೆ ಇಟ್ಟುಕೊಂಡಿದ್ದರು. ರಿಕ್ಯೂನ ಶಿಷ್ಯರಲ್ಲಿ ಕ್ರೈಸ್ತರೂ ಇದ್ದರು. ಅವರಲ್ಲಿ ತಾಕಾಯಾಮಾ ಉಕೊನ್ ಚಹಾ ಗುಡಿಸಲನ್ನೇ ಪ್ರಾರ್ಥನೆಗೆ ಬಳಸುತ್ತಿದ್ದನೆಂದು ಪೋರ್ಚುಗೀಸ್ ಪಾದ್ರಿ ಜೊವಾಂವ್ ರೊಡ್ರಿಗೆಸ್ ಬರೆದಿದ್ದಾನೆ. ಧರ್ಮ ಬಿಡಲೊಪ್ಪದ ಉಕೊನ್‌ನನ್ನು 1614ರಲ್ಲಿ ಗಡಿಪಾರು ಮಾಡಿದರು, ಮರುವರ್ಷ ಮನಿಲಾದಲ್ಲಿ ತೀರಿಕೊಂಡ. ಇಷ್ಟು ಗಟ್ಟಿ. ಇದರ ಮೇಲೆ "ಕದ್ದರು" ಎಂದು ಮಹಡಿ ಕಟ್ಟುವುದು ವಿಡಿಯೋ ಮಾಡುವವರ ಕೆಲಸ.

ಕೆಂಡಸಂಪಿಗೆ

ಇದ್ದಕ್ಕಿದ್ದಂತೆ ಮಂಡಿ ನೆನಪಾಯ್ತು. ಮಂಡಿಯೂರಿ ಅಷ್ಟು ಹೊತ್ತು ಕೂತು ಕಾಲು ಜೋಮು ಹಿಡಿದವರಿಗೆ ಜ್ಞಾನೋದಯ ಹೇಗೆ ಆಗುತ್ತೋ!

ಕಲ್ಲುಹಾದಿ

ಕುರ್ಚಿ ಮೇಜಿನ ಪದ್ಧತಿ ಇದೆಯಲ್ಲ, ರ್ಯೂರೇಯ್. 1872ರಲ್ಲಿ ಕ್ಯೋಟೋ ವಸ್ತುಪ್ರದರ್ಶನಕ್ಕೆ ಬರೋ ವಿದೇಶೀಯರಿಗಾಗಿ ಉರಾಸೆನ್ಕೆಯ ಗೆಂಗೆನ್ಸಾಯ್ ರೂಪಿಸಿದ್ದು. ನಾನೂ ಈಗ ಅದನ್ನೇ ಮಾಡೋದು. ಮೆಯ್ಜಿ ಕಾಲದಲ್ಲೇ ಹೆಣ್ಣುಮಕ್ಕಳ ಶಾಲೆಗಳಿಗೂ ಚಹಾ ಬಂತು. ಅಲ್ಲಿವರೆಗೆ ಇದು ಹೆಚ್ಚಾಗಿ ಗಂಡಸರ ಕೋಣೆ, ಈಗ ಕಲಿಯೋರಲ್ಲಿ ಹೆಂಗಸರೇ ಜಾಸ್ತಿ. ಹಿದೆಯೊಶಿ ನೋಡಿದ್ದರೆ ಏನನ್ತಿದ್ದನೋ.

ಎಲೆಪುಡಿ

ಬಿಸಿನೀರು ಮತ್ತು ಕೆಂಡಸಂಪಿಗೆ ಇಬ್ಬರಿಗೂ ಒಂದು ಸಲಹೆ. ತೈವಾನಿನಲ್ಲಿ ಶುರುವಾದ ವು-ವೋ ಚಹಾಕೂಟ ನೋಡಿ, "ನಾನು ಇಲ್ಲದ" ಚಹಾ. 1990ರ ಸುಮಾರಿಗೆ ತ್ಸಾಯ್ ರೊಂಗ್-ತ್ಸಾಂಗ್ ಎಂಬ ಚಹಾ ಗುರು ರೂಪಿಸಿದ್ದು. ಎಲ್ಲರೂ ತಮ್ಮ ತಮ್ಮ ಸಣ್ಣ ಪಾಟ್, ಕಪ್ಪು, ಎಲೆ ತರ್ತಾರೆ. ಎಲ್ಲಿ ಕೂರೋದು ಅಂತ ಚೀಟಿ ಎತ್ತಬೇಕು, ಹಾಗಾಗಿ ದೊಡ್ಡವರ ಜಾಗ ಅಂತ ಒಂದಿಲ್ಲ. ವೃತ್ತವಾಗಿ ನೆಲದ ಮೇಲೆ ಕೂತು ನಾಲ್ಕು ಕಪ್ಪು ಸುರಿದು, ಮೂರನ್ನ ಎಡಗಡೆಯವರಿಗೆ ಕೊಟ್ಟು, ಒಂದನ್ನ ತಾವು ಇಟ್ಟುಕೊಳ್ಳೋದು. ನಿಮಗೆ ಚಹಾ ಬರೋದು ಬಲಗಡೆಯಿಂದ, ನೀವು ಕೊಟ್ಟಿದ್ದು ಹೋಗೋದು ಎಡಕ್ಕೆ. ಕೊಟ್ಟವರಿಂದ ವಾಪಸ್ ಸಿಗೋ ಮಾತೇ ಇಲ್ಲ. ಶುರುವಾದ ಮೇಲೆ ಯಾರೂ ಮಾತಾಡಲ್ಲ, ನಡೆಸಿಕೊಡೋರೂ ಇಲ್ಲ, ಮೊದಲೇ ಪ್ರಕಟಿಸಿದ ಕ್ರಮದಂತೆ ತಾನಾಗೇ ನಡೆಯುತ್ತೆ. ಯಾವ ಪಂಥದವರಾದರೂ ಬರಬಹುದು.

ಕೆಂಡಸಂಪಿಗೆ

ಬಲಗಡೆಯವರು ಕೆಟ್ಟದಾಗಿ ಮಾಡಿದ್ದರೆ?

ಎಲೆಪುಡಿ

ಕುಡೀಬೇಕು. ಇಷ್ಟ, ಅನಿಷ್ಟ ಬಿಡೋದೂ ನಿಯಮಗಳಲ್ಲೊಂದು. ಆದರೆ ನಿಮ್ಮ ಚಹಾವನ್ನ ಕೈಲಾದಷ್ಟು ಚೆನ್ನಾಗಿ ಮಾಡಬೇಕು ಅನ್ನೋದೂ ಇನ್ನೊಂದು ನಿಯಮ. ಎರಡನೇದು ಇಲ್ಲದಿದ್ದರೆ ಮೊದಲನೇದು ಶಿಕ್ಷೆ ಆಗ್ತಿತ್ತು.

ಹಳೇಕಡತ

ಚೀಟಿ ಎತ್ತುವುದು ನನಗೆ ಒಪ್ಪಿಗೆ. ಕಿತಾನೋದಲ್ಲೂ ಚೀಟಿ ಎತ್ತಿದ್ದರೆಂದೂ, ಹಿದೆಯೊಶಿಯ ಚಹಾ ಯಾರಿಗೆ ಎಂಬುದನ್ನು ಅದು ನಿರ್ಧರಿಸಿತೆಂದೂ ಹೇಳುವುದುಂಟು. ಆದರೆ ಅಲ್ಲಿ ಕೊಡುವವನು ಯಾರು ಎಂಬುದಕ್ಕೆ ಚೀಟಿ ಇರಲಿಲ್ಲ.

ಬಿಸಿನೀರು

ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ ತರಗತಿ ಬಿಡಲ್ಲ, ಅನುಮತಿ ಪತ್ರದ ಅರ್ಜಿ ಮಾತ್ರ ಪಕ್ಕಕ್ಕಿಟ್ಟಿದ್ದೀನಿ. ಕಲ್ಲುಹಾದಿ ಮೇಡಂ, ಕೂಟ ಮುಗಿದ ಮೇಲೆ ಒಬ್ಬರೇ ಕೂರೋದನ್ನ ಅಭ್ಯಾಸದ ದಿನಗಳಲ್ಲೂ ಮಾಡಬಹುದಾ? ಮತ್ತೆ ಎಲೆಪುಡಿ ಅವರೇ, ವು-ವೋಗೆ ನೀರು ಕಾಯಿಸೋ ವ್ಯವಸ್ಥೆ ಎಲ್ಲಿರುತ್ತೆ? ನಾಲ್ಕೈದು ಜನ ಗೆಳೆಯರನ್ನ ಸೇರಿಸಿ ಮಾಡೋಣ ಅಂತಿದ್ದೀನಿ.

ಕಲ್ಲುಹಾದಿ

ಮಾಡಿ. ಗುರುಗಳಿಗೆ ಮೊದಲೇ ಹೇಳಿ ಸ್ವಲ್ಪ ಹೊತ್ತು ಉಳಿದುಕೊಳ್ಳಿ, ಬೇಡ ಅನ್ನೋ ಗುರುವನ್ನ ನಾನು ಕಂಡಿಲ್ಲ. ಇದ್ದಿಲು ಒಲೆ ಆದರೆ ಕೆಂಡ ಆರೋವರೆಗೂ ಯಾರಾದರೂ ಅಲ್ಲಿ ಇರಲೇಬೇಕಲ್ಲ.

ಎಲೆಪುಡಿ

ವ್ಯವಸ್ಥೆ ಏನೂ ಬೇಡ, ಥರ್ಮಾಸ್‌ನಲ್ಲಿ ನೀರು ತನ್ನಿ. ಎಲೆಯನ್ನ ಮನೆಯಲ್ಲೇ ಅಳೆದು ಪಾಟ್‌ಗೆ ಹಾಕಿಕೊಂಡು ಬಂದರೆ ಅಲ್ಲಿ ಗಲಾಟೆ ಇರಲ್ಲ. ನಾಲ್ಕಕ್ಕಿಂತ ಕಡಿಮೆ ಜನ ಆದರೆ ಕಪ್ಪಿನ ಲೆಕ್ಕವನ್ನೂ ಇಳಿಸಿ, ಇಲ್ಲದಿದ್ದರೆ ಕೊಟ್ಟಿದ್ದು ಸುತ್ತಿ ನಿಮಗೇ ವಾಪಸ್ ಬರುತ್ತೆ.